ಎಲ್ಲಿದೆ ಆ ದ್ವೀಪ?

ಕಥೆಯೊಳಗಿನ ಊರನ್ನು ಭೂಪಟದಲ್ಲಿ ಹುಡುಕುವ ಚಟ ಓದುವವರಿಗೆಲ್ಲ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಆರ್. ಕೆ. ನಾರಾಯಣ್ ಅವರ ಮಾಲ್ಗುಡಿಯನ್ನೇ ತೆಗೆದುಕೊಳ್ಳಿ. ಅದು ನಮ್ಮೂರೇ ಎಂದು ಮೈಸೂರಿನವರ ವಾದ. ಶಂಕರ್ ನಾಗ್ ಅದನ್ನು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದ ಮೇಲೆ ಮಲೆನಾಡಿನವರದೂ ಒಂದು ಹಕ್ಕು ಸೇರಿಕೊಂಡಿತು. ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅರಸಾಳು ರೈಲ್ವೆ ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವೇ ಆಯಿತು. ಇಲ್ಲದ ಊರಿಗೆ ಇರುವ ನಿಲ್ದಾಣ! ಓದುಗರು ಮನಸ್ಸು ಮಾಡಿದರೆ ಇಷ್ಟೆಲ್ಲ ಆಗುತ್ತದೆ ನೋಡಿ.

ಆದರೆ ಈ ಚಟ ತಾರಕಕ್ಕೇರಿದ್ದು ಕಡಲ್ಗಳ್ಳರ ಒಂದು ದ್ವೀಪದ ವಿಷಯದಲ್ಲಿ. ರಾಬರ್ಟ್ ಲೂಯಿ ಸ್ಟೀವನ್‌ಸನ್ನನ 'ಟ್ರೆಷರ್ ಐಲೆಂಡ್' ಪುಸ್ತಕವಾಗಿ ಬಂದದ್ದು 1883ರಲ್ಲಿ. ನೂರನಲವತ್ತು ವರ್ಷಗಳ ಮೇಲಾಯಿತು, ಆ ದ್ವೀಪ ಎಲ್ಲಿದೆ ಎನ್ನುವ ಜಗಳ ಮಾತ್ರ ಮುಗಿದಿಲ್ಲ. ಮಕ್ಕಳ ಪುಸ್ತಕ, ಅದರಲ್ಲೂ ಹುಡುಗರ ಪುಸ್ತಕ, ನಮಗೇಕೆ ಎಂದು ಪುಟ ತಿರುಗಿಸಬೇಡಿ. ಈ ಜಗಳದೊಳಗೆ ಹೆಂಗಸರ ಲೆಕ್ಕಾಚಾರವೂ ಒಂದಿದೆ. ಅದನ್ನು ಹೇಳಲಿಕ್ಕೇ ನಾನು ಕೂತದ್ದು.

ಕಥೆ ಹೇಳುವವನು ಜಿಮ್ ಹಾಕಿನ್ಸ್ ಎಂಬ ಹುಡುಗ. ಮೊದಲ ವಾಕ್ಯದಲ್ಲೇ ಅವನು ಒಂದು ಕಟ್ಟು ಹಾಕಿಬಿಡುತ್ತಾನೆ: ನಡೆದದ್ದನ್ನೆಲ್ಲ ಬರೆಯುತ್ತೇನೆ, ದ್ವೀಪ ಎಲ್ಲಿದೆ ಎಂಬುದೊಂದನ್ನು ಬಿಟ್ಟು, ಯಾಕೆಂದರೆ ಅಲ್ಲಿ ಎತ್ತದೇ ಉಳಿದ ನಿಧಿ ಇನ್ನೂ ಇದೆ. ಇಸವಿಯನ್ನೂ ಪೂರ್ತಿ ಕೊಡುವುದಿಲ್ಲ, ಹದಿನೇಳುನೂರ ಇಷ್ಟು ಎಂದು ಅರ್ಧಕ್ಕೆ ನಿಲ್ಲಿಸುತ್ತಾನೆ. ಪುಸ್ತಕದೊಳಗಿನ ನಕಾಶೆಗೆ ಅಕ್ಷಾಂಶ ರೇಖಾಂಶಗಳಿರುತ್ತವೆ, ನಮಗೆ ತೋರಿಸುವುದಿಲ್ಲ. ಉಳಿದದ್ದೆಲ್ಲ ಧಾರಾಳ. ಉದ್ದ ಒಂಬತ್ತು ಮೈಲಿ, ಅಗಲ ಐದು. ಎದ್ದು ನಿಂತ ದಪ್ಪ ಡ್ರ್ಯಾಗನ್ನಿನ ಆಕಾರ. ನೆಲದಿಂದ ಸುತ್ತುವರಿದ ಎರಡು ಬಂದರು, 'ಸ್ಪೈಗ್ಲಾಸ್' ಎಂಬ ದೊಡ್ಡ ಗುಡ್ಡ, ಕೆಂಪು ಶಾಯಿಯ ಮೂರು ಗುರುತು. ಉತ್ತರದಲ್ಲಿ ಎರಡು, ನೈಋತ್ಯದಲ್ಲಿ ಒಂದು. ನಮ್ಮ ಕಡೆ ನಿಧಿಯ ಕಥೆಯೆಂದರೆ ಕೊಪ್ಪರಿಗೆ, ಅದಕ್ಕೆ ಕಾವಲು ಕೂತ ಸರ್ಪ, ಅಂಜನ ಹಾಕಿ ನೋಡುವ ಮಂತ್ರವಾದಿ. ಅಲ್ಲಿ ಅಂಜನದ ಬದಲು ನಕಾಶೆ. ವ್ಯತ್ಯಾಸ ಅಷ್ಟೇ.

ಒಂದನ್ನು ಮುಚ್ಚಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಜನ ಸುಮ್ಮನಿರುತ್ತಾರೆಯೆ? ಕ್ಯೂಬಾದ ದಕ್ಷಿಣಕ್ಕಿರುವ ಪೈನ್ ಮರಗಳ ದ್ವೀಪವೇ ಅದು ಎಂದರು ಕೆಲವರು. ವರ್ಜಿನ್ ದ್ವೀಪಸಮೂಹದ ನಾರ್ಮನ್ ದ್ವೀಪ ಎಂದರು ಇನ್ನು ಕೆಲವರು. 1750ರಲ್ಲಿ ಸ್ಪೇನಿನ ಹಡಗೊಂದರಿಂದ ಕದ್ದ ಬೆಳ್ಳಿಯನ್ನು ಅಲ್ಲಿ ಹೂತ ಘಟನೆಯಿದೆ, ಕಥೆಯ ನಕಾಶೆಯ ಮೇಲೂ 1750ರ ತಾರೀಖೇ ಇದೆ. ಪೆಸಿಫಿಕ್ ಸಾಗರದ ಕೊಕೋಸ್ ದ್ವೀಪದ ಹೆಸರನ್ನೂ ಹೇಳುತ್ತಾರೆ. ಅಷ್ಟು ದೂರ ಯಾಕೆ ಹೋಗುತ್ತೀರಿ, ಇಲ್ಲೇ ಇದೆ ಎನ್ನುವವರು ಸ್ಕಾಟ್ಲೆಂಡಿನವರು. ಸ್ಟೀವನ್‌ಸನ್ನನ ಮನೆತನ ದೀಪಸ್ತಂಭ ಕಟ್ಟುವ ಇಂಜಿನಿಯರುಗಳದು. ಶೆಟ್ಲೆಂಡಿನ ಅನ್‌ಸ್ಟ್ ದ್ವೀಪದ ಬಳಿ ಬಂಡೆಯೊಂದರ ಮೇಲೆ ಅವರು ದೀಪ ನಿಲ್ಲಿಸಿದ್ದರು. ಹರೆಯದಲ್ಲಿ ಇವನು ಅಪ್ಪನೊಡನೆ ಅಲ್ಲಿಗೆ ಹೋಗಿ ಬಂದಿದ್ದ. ಚಿಕ್ಕವನಿದ್ದಾಗ ರಜೆ ಕಳೆದ ಕರಾವಳಿಯ ಎದುರಿಗಿರುವ ಫಿಡ್ರ ಎಂಬ ಪುಟ್ಟ ದ್ವೀಪಕ್ಕೂ ಒಂದು ಪಕ್ಷವಿದೆ. ಎಡಿನ್‌ಬರೋದಲ್ಲಿ ಅವನ ಬಾಲ್ಯದ ಮನೆಯ ಎದುರಿನ ಉದ್ಯಾನದಲ್ಲಿ ಒಂದು ಕೊಳ, ಕೊಳದ ನಡುವೆ ಒಂದು ಹಿಡಿ ನೆಲ. ನಿಧಿಯ ದ್ವೀಪವೆಂದರೆ ಅದೇ ಎಂಬ ಮಾತೂ ಉಂಟು!

ಈ ಜಗಳಕ್ಕೆ ನಾನು ಬಿದ್ದದ್ದು ನನ್ನ ಇಷ್ಟದಿಂದಲ್ಲ. ಮನೆಗೆ ಬಂದದ್ದರಿಂದ.

1991ರಲ್ಲಿ ನನ್ನ ಮದುವೆಯಾದಾಗ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನಿದ್ದ. ಅವನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನನ್ನು 'ಚಿಕ್ಕಮ್ಮ' ಎಂದು ಕರೆಯಬೇಕೆಂದು ಹಿರಿಯರು ಹೇಳಿಕೊಟ್ಟಿದ್ದರು, ಕರೆಯುತ್ತಿದ್ದ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಬಡಿಸಿದ್ದನ್ನು ಉಣ್ಣುತ್ತಿದ್ದ. ಹಟವಿಲ್ಲ, ಜಗಳವಿಲ್ಲ, ನೆಂಟರ ಮನೆಗೆ ಬಂದ ಮಗುವಿನ ಹಾಗೆ ಶಿಸ್ತು. ಮಲತಾಯಿ ಎಂದೊಡನೆ ಜನ ನಿರೀಕ್ಷಿಸುವ ಕಥೆ ಯಾವುದೂ ನಮ್ಮಲ್ಲಿ ನಡೆಯಲಿಲ್ಲ. ಆದರೆ ಒಂದು ಹುಡುಗ ನಿಮ್ಮೊಡನೆ ಜಗಳವಾಡುವಷ್ಟು ಸಲಿಗೆಯನ್ನೂ ಕೊಡದೆ ಎರಡು ಹೊತ್ತು ಎದುರಿಗೆ ಕೂತು ಉಂಡು ಏಳುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು.

ಮರುವರ್ಷದ ಮಳೆಗಾಲದಲ್ಲಿ ಅವನು ಶಾಖಾ ಗ್ರಂಥಾಲಯದಿಂದ ಈ ಪುಸ್ತಕ ತಂದ. ಅದರ ನಕಾಶೆಯನ್ನು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತ ಕೂರುತ್ತಿದ್ದ. ಜನವರಿಯ ಹಿಂದೆ ಒಂದು, ಫೆಬ್ರವರಿಯ ಹಿಂದೆ ಇನ್ನೊಂದು. ಪ್ರತಿ ಸಲವೂ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ ಎಂದು ಬರೆದು ಮುಂದೆ ಖಾಲಿ ಬಿಡುತ್ತಿದ್ದ. ಅವನು ಶಾಲೆಗೆ ಹೋದಾಗ ನಾನೂ ಪುಸ್ತಕ ಓದಿದೆ. ಅಡುಗೆಮನೆಯ ಕಿಟಕಿಯ ಬಳಿ ನಿಂತು, ಕುಕ್ಕರಿನ ಸೀಟಿ ಎಣಿಸುತ್ತ ಓದಿದ್ದು. ಒಂದು ಕಡೆ ಜಿಮ್ ಪುಟ್ಟ ದೋಣಿಯಲ್ಲಿ ತೇಲುತ್ತ ಬಂಡೆಗಳ ಮೇಲೆ ಲೋಳೆ ಲೋಳೆ ಮೈಯ ದೊಡ್ಡ ಪ್ರಾಣಿಗಳನ್ನು ನೋಡಿ ಹೆದರುತ್ತಾನೆ. ಅವು ಕಡಲ ಸಿಂಹಗಳೆಂದು ಆಮೇಲೆ ತಿಳಿಯಿತು ಎನ್ನುತ್ತಾನೆ. ಗ್ರಂಥಾಲಯಕ್ಕೆ ಹೋಗಿ ವಿಶ್ವಕೋಶ ತೆಗೆಸಿದೆ. ಆ ಕೆರಿಬಿಯನ್ ಕಡಲಿನಲ್ಲಿ ಕಡಲ ಸಿಂಹವೇ ಇಲ್ಲ! ಅವು ಇರುವುದು ಆಚೆ, ಪೆಸಿಫಿಕ್ ದಂಡೆಯಲ್ಲಿ.

ರಾತ್ರಿ ಊಟಕ್ಕೆ ಕೂತಾಗ ಈ ಸಂಗತಿ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ.

"ಹಾಗಾದ್ರೆ ದ್ವೀಪ ಪೆಸಿಫಿಕ್‌ನಲ್ಲಿರಬೇಕು."

"ಇರಬಹುದು."

"ಇರಕ್ಕಾಗಲ್ಲ ಚಿಕ್ಕಮ್ಮ. ಅಲ್ಲಿಗೆ ಹೋಗ್ಬೇಕಂದ್ರೆ ಹಡಗು ದಕ್ಷಿಣ ಅಮೆರಿಕ ಸುತ್ತು ಹಾಕ್ಬೇಕು. ಆ ವಿಷಯ ಎಲ್ಲೂ ಬರೆದೇ ಇಲ್ಲ."

ಅವನು ನನ್ನ ಮಾತಿಗೆ ಎದುರು ಹೇಳಿದ್ದು ಅದೇ ಮೊದಲು. ನನಗಾದ ಸಂತೋಷವನ್ನು ತೋರಗೊಡದೆ ಹುಳಿ ಬಡಿಸಿದೆ.

ಅಲ್ಲಿಂದ ವಾರಗಟ್ಟಲೆ ಇದೇ ಚರ್ಚೆ. ಹುಡುಗ ಹೇಳಿದ್ದು ಸರಿಯೇ ಇತ್ತು. ಹಡಗು ಬ್ರಿಸ್ಟಲ್ಲಿನಿಂದ ಹೊರಡುತ್ತದೆ. ದ್ವೀಪ ಕಾಣುವ ಮೊದಲಿನ ದಿನ ದಕ್ಷಿಣ ನೈಋತ್ಯಕ್ಕೆ ಸಾಗುತ್ತಿರುತ್ತದೆ. ಹಿಂದಿರುಗುವಾಗ ಹತ್ತಿರದ ಬಂದರಿಗೆಂದು ಹೋಗಿ ಸೇರುವುದು ಸ್ಪೇನಿನವರ ಆಳ್ವಿಕೆಯ ಅಮೆರಿಕದಲ್ಲಿ. ಇದೆಲ್ಲ ಕೆರಿಬಿಯನ್ ಕಡೆಗೇ ಬೆರಳು ತೋರಿಸುತ್ತದೆ. ಆದರೆ ದ್ವೀಪದ ಮೇಲೆ ಇಳಿದ ಮೇಲೆ ಕಾಣುವುದೆಲ್ಲ ಬೇರೆ. ಎಲೆಯುದುರಿಸದ ಓಕ್ ಮರಗಳ ಗುಂಪು, ಎತ್ತರದ ಪೈನ್ ಮರಗಳು, ಬುಗುರಿ ತಿರುಗಿದ ಹಾಗೆ ಸದ್ದು ಮಾಡುವ ಹಾವು, ಬಂಡೆ ತುಂಬ ಕಡಲ ಸಿಂಹ. ದಾರಿ ಒಂದು ಕಡಲಿನದು, ನೆಲ ಇನ್ನೊಂದು ಕಡಲಿನದು.

ಆ ಮರ, ಹಾವು, ಪ್ರಾಣಿಗಳೆಲ್ಲ ಕ್ಯಾಲಿಫೋರ್ನಿಯಾದವು ಎಂದು ಸ್ಟೀವನ್‌ಸನ್ನನನ್ನು ಓದಿದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅವನು ಕ್ಯಾಲಿಫೋರ್ನಿಯಾಕ್ಕೆ ಹೋದದ್ದು ಒಬ್ಬ ಹೆಂಗಸಿಗಾಗಿ. ಫ್ಯಾನಿ ಆಸ್ಬರ್ನ್ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಮದುವೆಯಾಗಿ ಮಕ್ಕಳಿದ್ದವಳು, ಗಂಡನೊಡನೆ ಬಾಳು ಸರಿಹೋಗದೆ ಮಕ್ಕಳನ್ನು ಕಟ್ಟಿಕೊಂಡು ಯುರೋಪಿಗೆ ಬಂದಿದ್ದಾಗ ಇವನಿಗೆ ಪರಿಚಯವಾದಳು. ಅವಳು ಅಮೆರಿಕಕ್ಕೆ ಮರಳಿದ ಮೇಲೆ 1879ರಲ್ಲಿ ಇವನು ಮನೆಯವರಿಗೂ ಹೇಳದೆ ಹಡಗು ಹತ್ತಿದ. ಅಟ್ಲಾಂಟಿಕ್ ದಾಟಿ, ರೈಲಿನಲ್ಲಿ ಇಡೀ ಖಂಡ ದಾಟಿ, ಅರೆಜೀವವಾಗಿ ಮಾಂಟೆರೆ ಎಂಬ ಕಡಲತೀರದ ಊರು ಸೇರಿದ. ಅವಳಿಗೆ ವಿಚ್ಛೇದನ ಸಿಕ್ಕಿತು. 1880ರ ಮೇ ತಿಂಗಳಲ್ಲಿ ಮದುವೆ. ಕೈಯಲ್ಲಿ ಕಾಸಿಲ್ಲ, ಎದೆಯಲ್ಲಿ ಕಾಯಿಲೆ. ಹಾಗಾಗಿ ಗುಡ್ಡದ ಮೇಲೆ ಯಾರೋ ಕೈಬಿಟ್ಟು ಹೋಗಿದ್ದ ಬೆಳ್ಳಿ ಗಣಿಯೊಂದರ ಮುರುಕು ಮನೆಯಲ್ಲಿ ಬಿಡಾರ ಹೂಡಿದರು. ಬಾಡಿಗೆ ಇಲ್ಲವಲ್ಲ! ಮಧುಚಂದ್ರಕ್ಕೆ ಜೊತೆಯಲ್ಲಿದ್ದವರು ಫ್ಯಾನಿಯ ಹನ್ನೆರಡು ವರ್ಷದ ಮಗ ಲಾಯ್ಡ್, ಮತ್ತು ಒಂದು ನಾಯಿ.

ಮರುವರ್ಷ, 1881ರ ಬೇಸಿಗೆಯ ಕೊನೆಗೆ, ಅದೇ ಸಂಸಾರ ಸ್ಕಾಟ್ಲೆಂಡಿನ ಬ್ರೇಮರ್ ಎಂಬಲ್ಲಿ ಮನೆ ಹಿಡಿದಿತ್ತು. ಹೊರಗೆ ಬಿಡದ ಮಳೆ. ಹುಡುಗ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಚಿತ್ರ ಬರೆಯುತ್ತ ಕೂತಿದ್ದ. ಆಗ ಹುಟ್ಟಿದ್ದೇ ದ್ವೀಪದ ನಕಾಶೆ. ಬರೆದವರು ಯಾರು? ನಾನೇ ಬರೆದು ಬಣ್ಣ ತುಂಬಿದೆ ಎಂದು ಸ್ಟೀವನ್‌ಸನ್ ಮುಂದೆ ಹೇಳಿದ್ದಾನೆ. ನಾನು ದ್ವೀಪವೊಂದನ್ನು ಬರೆದು ಬಣ್ಣ ಹಚ್ಚುತ್ತಿದ್ದೆ, ಅವನು ಬಂದು ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿ ಹೆಸರುಗಳನ್ನು ಸೇರಿಸುತ್ತ ಹೋದ ಎಂದು ಲಾಯ್ಡ್ ಹೇಳಿದ್ದಾನೆ. ಇಬ್ಬರಲ್ಲಿ ಯಾರದು ನಿಜ ಎಂದು ಪಂಡಿತರು ವಿಚಾರಿಸುತ್ತಾರೆ. ನನಗೆ ಎರಡೂ ನಿಜವೆಂದೇ ಅನ್ನಿಸುತ್ತದೆ. ಒಂದೇ ಹಾಳೆಯ ಮೇಲೆ ಎರಡು ತಲೆ ಬಗ್ಗಿದ್ದರೆ ಯಾವ ಗೆರೆ ಯಾರದೆಂದು ಆಮೇಲೆ ಯಾರಿಗೆ ನೆನಪಿರುತ್ತದೆ? ನಕಾಶೆಯ ಹಿಂದೆಯೇ ಕಥೆ ಬಂತು. ಹದಿನೈದು ದಿನದಲ್ಲಿ ಹದಿನೈದು ಅಧ್ಯಾಯ, ಬರೆದದ್ದನ್ನು ಬರೆದ ಹಾಗೆ ಮನೆಯವರಿಗೆ ಓದಿ ಹೇಳುವುದು. ಪುಸ್ತಕವನ್ನು ಅವನು ಅರ್ಪಿಸಿದ್ದು ಲಾಯ್ಡ್‌ನಿಗೆ. ಲಾಯ್ಡ್ ಅವನನ್ನು 'ಅಪ್ಪ' ಎನ್ನುತ್ತಿರಲಿಲ್ಲ. 'ಲೂಲಿ' ಎನ್ನುತ್ತಿದ್ದ. 'ಚಿಕ್ಕಮ್ಮ' ಎಂಬ ಹೆಸರಿಗೆ ನನಗೆ ಇದ್ದಬದ್ದ ಸಂಕೋಚವೂ ಇದನ್ನು ಓದಿದ ಮೇಲೆ ಹೋಯಿತು.

ಈಗ ನನ್ನ ಊಹೆಯನ್ನು ಹೇಳುತ್ತೇನೆ. ದೊಡ್ಡ ವಿದ್ವಾಂಸರ ಊಹೆಗಳ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ, ಬೇಡ. ಆ ದ್ವೀಪ ಇರುವುದು ಆ ಬೆಳ್ಳಿ ಗಣಿಯ ಗುಡ್ಡದ ಮೇಲೆ. ಮೂವರು ಬೇರೆ ಬೇರೆ ಜನ ಮೊದಲ ಸಲ ಒಂದು ಸಂಸಾರವಾಗಿ ಬದುಕಲು ನೋಡಿದ ಜಾಗ ಅದು. ಕಡಲಿನ ಹಾದಿಯನ್ನು ಸ್ಟೀವನ್‌ಸನ್ ಪುಸ್ತಕಗಳಿಂದ ತಂದ. ಇಳಿದು ಕಾಲಿಡುವ ನೆಲವನ್ನು ಮಾತ್ರ ಅವರು ಮೂವರೂ ಬಲ್ಲ ನಾಡಿನಿಂದ ತಂದ, ಅದೇ ಮರ, ಅದೇ ಹಾವು. ಆ ಹುಡುಗ ಕಥೆ ಕೇಳುವಾಗ ಅವನ್ನು ಗುರುತಿಸಿದ್ದಿರಬೇಕು. ಇನ್ನೂ ಒಂದು ಮಾತಿದೆ. ಜಿಮ್ ಮತ್ತು ಅವನ ಜೊತೆಯವರು ದ್ವೀಪದಿಂದ ಚಿನ್ನವನ್ನು ತರುತ್ತಾರೆ; ಅಲ್ಲೇ ನೆಲದಡಿಯಲ್ಲಿ ಉಳಿದು ಹೋಗುವುದು ಬೆಳ್ಳಿಯ ಗಟ್ಟಿಗಳು. ಜಿಮ್ ದ್ವೀಪದ ಗುಟ್ಟು ಬಿಡದಿರುವುದು ಆ ಬೆಳ್ಳಿಗಾಗಿ. ಕೈಬಿಟ್ಟ ಬೆಳ್ಳಿ ಗಣಿಯಲ್ಲಿ ಬೇಸಿಗೆ ಕಳೆದು ಬಂದವನಿಗೆ ಬೆಳ್ಳಿಯನ್ನೇ ನೆಲದಲ್ಲಿ ಉಳಿಸಿ ಬರಬೇಕೆಂದು ಯಾಕೆ ತೋಚಿತು?

ಈ ಊಹೆಯನ್ನು ಹುಡುಗನಿಗೆ ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಆದರೆ ಅವನು ತನ್ನದೊಂದು ಊಹೆಯನ್ನು ಆ ಮಳೆಗಾಲದಲ್ಲೇ ಹೇಳಿದ್ದ. ಅದನ್ನು ಹೇಳುವ ಮೊದಲು ಟ್ರಂಕಿನ ವಿಷಯ ಹೇಳಬೇಕು.

ನಮ್ಮ ಮನೆಯ ಅಟ್ಟದ ಮೇಲೆ ಅವನ ತಾಯಿಯ ಒಂದು ಹಸಿರು ಟ್ರಂಕು ಇತ್ತು. ಬೀಗ ಹಾಕಿತ್ತು, ಬೀಗದಕೈ ಹುಡುಗನ ಬಳಿ. ಅವರ ತಂದೆ ಆ ಮಾತನ್ನೇ ಎತ್ತುತ್ತಿರಲಿಲ್ಲ. ಎತ್ತುತ್ತಿದ್ದವರು ಬಂದು ಹೋಗುವ ನೆಂಟರು. ಅದರಲ್ಲಿ ಎರಡು ಕಂಚಿ ಸೀರೆ ಇತ್ತಲ್ಲ, ಬೆಳ್ಳಿ ಕುಂಕುಮ ಭರಣಿ ಇತ್ತಲ್ಲ, ನೀನು ತೆಗೆಸಿ ನೋಡಿಲ್ಲವೆ, ಮನೆಯ ಯಜಮಾನಿಯಾದ ಮೇಲೆ ಲೆಕ್ಕ ಇರಬೇಕಲ್ಲ, ಮಗುವಿನ ಕೈಯಲ್ಲಿ ಬೀಗದಕೈ ಇರುವುದು ಯಾವ ಚಂದ? ಹೀಗೆ ಒಬ್ಬೊಬ್ಬರದು ಒಂದೊಂದು. ಹೆಂಗಸರಿಗೆ ಈ ಮಾತುಗಳ ರಾಗ ಗೊತ್ತು, ನಾನು ಹಾಡಿ ತೋರಿಸಬೇಕಿಲ್ಲ.

ಒಂದು ಸಂಜೆ ಕರೆಂಟು ಹೋಗಿತ್ತು. ಹುಡುಗ ಲಾಟೀನಿನ ಬೆಳಕಿನಲ್ಲಿ ಜೂನ್ ತಿಂಗಳ ಹಿಂದೆ ನಕಾಶೆ ಬರೆಯುತ್ತಿದ್ದ. ನಾನು ಅಕ್ಕಿ ಆರಿಸುತ್ತ ಸುಮ್ಮನೆ ಕೇಳಿದೆ, "ಅಲ್ಲ ಕಣೋ, ಜಿಮ್ ಆ ಬೆಳ್ಳಿ ತರೋಕೆ ಮತ್ತೆ ಹೋಗಲ್ಲ ಅಂತ ಅವನೇ ಹೇಳ್ತಾನೆ. ಸತ್ತರೂ ಹೋಗಲ್ಲ ಅಂತಾನೆ. ಮತ್ತೆ ದ್ವೀಪ ಎಲ್ಲಿದೆ ಅಂತ ಹೇಳಕ್ಕೇನಾಗಿತ್ತು?"

ಅವನು ತಲೆಯೆತ್ತದೆ ಹೇಳಿದ: "ಹೇಳಿಬಿಟ್ರೆ ಎಲ್ರೂ ಹೋಗಿ ಅಗೀತಾರೆ ಚಿಕ್ಕಮ್ಮ. ಆಮೇಲೆ ಅದು ಅವನದ್ದು ಅಂತ ಇರಲ್ಲ."

ಮೊರ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಅಟ್ಟದ ಮೇಲಿನದು ನೆನಪಾಯಿತು. ಆವತ್ತಿನಿಂದ ನೆಂಟರಿಗೆ ನನ್ನ ಉತ್ತರ ಸಿದ್ಧವಾಯಿತು: "ಅದು ಅವನದು, ಲೆಕ್ಕ ಅವನ ಹತ್ರ ಇದೆ." ಹೀಗೆ ಹೇಳುವಾಗ ಒಮ್ಮೆ ಹುಡುಗ ಬಾಗಿಲಲ್ಲಿದ್ದ. ಕೇಳಿಸಿಕೊಂಡನೋ ಇಲ್ಲವೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ. ಆದರೆ ಮರುದಿನ ತನ್ನ ನಕಾಶೆಗಳ ಸುರುಳಿಯನ್ನು ಅವನು ಅಡುಗೆಮನೆಯ ಕಪಾಟಿನ ಮೇಲೆ, ನನ್ನ ಡಬ್ಬಿಗಳ ಪಕ್ಕದಲ್ಲಿ ತಂದಿಟ್ಟ. ಅಲ್ಲಿ ಹಾಳೆಗೆ ಇಲಿ ಬರಲ್ಲ ಎಂದ.

ಲೆಕ್ಕ ಎಂದೆನಲ್ಲ, ಪುಸ್ತಕದಲ್ಲಿ ಲೆಕ್ಕದ ಒಂದು ಪ್ರಸಂಗವಿದೆ. ಎಲ್ಲರೂ ಅದನ್ನು ಓದಿ ಮುಂದೆ ಹೋಗಿಬಿಡುತ್ತಾರೆ. ಈ ಕಥೆಯಲ್ಲಿ ಹೆಂಗಸರು ಬೇಡ ಎಂಬುದು ಬರೆಯುವಾಗ ಹುಡುಗ ಹಾಕಿದ್ದ ಕರಾರು. ಆ ಕರಾರನ್ನು ಮೀರಿ ಒಳಗೆ ಬಂದವಳು ಜಿಮ್‌ನ ತಾಯಿ. ಗಂಡ ಸತ್ತು ದಿನಗಳಾಗಿಲ್ಲ, ಕಡಲ ದಂಡೆಯ ವಸತಿಗೃಹ ನಡೆಸುತ್ತಿದ್ದಾಳೆ. ಬಾಡಿಗೆ ಬಾಕಿ ಉಳಿಸಿಕೊಂಡಿದ್ದ ಹಳೆಯ ಕಡಲ್ಗಳ್ಳ ಬಿಲ್ಲಿ ಬೋನ್ಸ್ ಅಲ್ಲೇ ಸತ್ತುಬಿದ್ದ. ಅವನ ಪೆಟ್ಟಿಗೆ ದೋಚಲು ಉಳಿದ ಕಳ್ಳರು ರಾತ್ರಿಯೇ ಬರುತ್ತಾರೆ. ಸಹಾಯ ಕೇಳಿದರೆ ಊರಿನ ಗಂಡಸರು ಒಬ್ಬರೂ ಹೊರಡುವುದಿಲ್ಲ. ಆಗ ಈ ತಾಯಿ ಮಗನನ್ನು ಕರೆದುಕೊಂಡು ಕತ್ತಲೆಯಲ್ಲಿ ತಾನೇ ಹೋಗುತ್ತಾಳೆ. ಪೆಟ್ಟಿಗೆ ತೆರೆದರೆ ನಾನಾ ದೇಶದ ನಾಣ್ಯಗಳು. ಅವಳಿಗೆ ಎಣಿಸಲು ಬರುವುದು ಇಂಗ್ಲೆಂಡಿನ ಗಿನಿಗಳಲ್ಲಿ ಮಾತ್ರ, ಅವೋ ಕಡಿಮೆ. ಹೊರಗೆ ಕುರುಡನ ಕೋಲಿನ ಸದ್ದು. ಆದರೂ ಅವಳು ಒಂದೊಂದೇ ಗಿನಿ ಆರಿಸಿ ಎಣಿಸುತ್ತಾಳೆ. ತನಗೆ ಬರಬೇಕಾದ್ದಕ್ಕಿಂತ ಒಂದು ಕಾಸು ಹೆಚ್ಚು ಬೇಡ, ಕಡಿಮೆಯೂ ಕೂಡದು.

ಗಂಡಸು ವಿಮರ್ಶಕರು ಇದನ್ನು ಜಿಪುಣತನ ಎಂದೋ ಮೊಂಡುತನ ಎಂದೋ ನಕ್ಕುಬಿಡುತ್ತಾರೆ. ಆದರೆ ಗಮನಿಸಿ. ಕಳ್ಳರ ಸಿಳ್ಳೆ ಕೇಳಿ ಎಣಿಕೆ ಅರ್ಧಕ್ಕೆ ನಿಂತಾಗ ಜಿಮ್ ಏನು ಮಾಡುತ್ತಾನೆ? ಉಳಿದ ಬಾಕಿಗೆ ಸರಿಹೋಗಲಿ ಎಂದು ಪೆಟ್ಟಿಗೆಯ ತಳದಲ್ಲಿದ್ದ ಎಣ್ಣೆಬಟ್ಟೆಯ ಕಟ್ಟೊಂದನ್ನು ಎತ್ತಿಕೊಳ್ಳುತ್ತಾನೆ. ಆ ಕಟ್ಟಿನಲ್ಲಿರುವುದೇ ನಕಾಶೆ! ಆ ತಾಯಿ ಕೈಗೆ ಸಿಕ್ಕಷ್ಟು ಬಾಚಿಕೊಂಡಿದ್ದರೆ ಬಾಕಿ ಎಂಬುದೇ ಉಳಿಯುತ್ತಿರಲಿಲ್ಲ, ಕಟ್ಟನ್ನು ಯಾರೂ ಮುಟ್ಟುತ್ತಿರಲಿಲ್ಲ. ಏಳು ಲಕ್ಷ ಪೌಂಡಿನ ನಿಧಿಯ ದಾರಿ ಆ ಹುಡುಗನ ಕೈಗೆ ಬಂದದ್ದು ಒಬ್ಬ ವಿಧವೆಯ ಮನೆಖರ್ಚಿನ ಲೆಕ್ಕದ ಶೇಷವಾಗಿ. ಹಾಲಿನವನ ಲೆಕ್ಕವನ್ನು ಬಾಗಿಲ ಹಿಂದೆ ಗೀರು ಎಳೆದು ಇಡುವ ನಮಗೆ ಇದು ಅರ್ಥವಾಗಬೇಕು.

ಆಮೇಲೆ ಆ ತಾಯಿ ಏನಾದಳು? ಮಗ ಕಡಲಿಗೆ ಹೋದಾಗ ಅವಳ ಸಹಾಯಕ್ಕೆಂದು ಬೇರೊಬ್ಬ ಹುಡುಗನನ್ನು ಗೊತ್ತುಮಾಡುತ್ತಾರೆ. ತನ್ನ ಜಾಗದಲ್ಲಿ ಅವನನ್ನು ಕಂಡು ಜಿಮ್‌ಗೆ ಅಳು ಬರುತ್ತದೆ. ಕೊನೆಯಲ್ಲಿ ನಿಧಿ ಹಂಚಿಕೊಂಡವರು ಯಾರ್ಯಾರು ಏನೇನಾದರು ಎಂಬ ಸುದ್ದಿಯೆಲ್ಲ ಬರುತ್ತದೆ. ದ್ವೀಪದಲ್ಲಿ ಮೂರು ವರ್ಷ ಒಂಟಿಯಾಗಿದ್ದ ಬೆನ್ ಗನ್ ತನ್ನ ಪಾಲಿನ ಸಾವಿರ ಪೌಂಡನ್ನು ಹತ್ತೊಂಬತ್ತು ದಿನದಲ್ಲಿ ಕಳೆದ ಸುದ್ದಿಯೂ ಬರುತ್ತದೆ. ತಾಯಿಯ ಸುದ್ದಿಯಿಲ್ಲ. ದ್ವೀಪ ಎಲ್ಲಿದೆ ಎಂದು ಕೇಳುವವರು ಇದನ್ನೂ ಒಮ್ಮೆ ಕೇಳಬಾರದೆ? ಜಿಮ್ ಮರಳಿ ಬಂದ ಮನೆಯ ವಿವರವೂ ಆ ದ್ವೀಪದ ಹಾಗೆಯೇ ಮುಚ್ಚಿಟ್ಟದ್ದು ಎಂದು ನಾನು ಓದಿಕೊಂಡಿದ್ದೇನೆ.

ನಕಾಶೆಗೂ ಒಂದು ದುಃಖದ ಕಥೆ ಇದೆ. ಪುಸ್ತಕ ಅಚ್ಚಿಗೆ ಹೋಗುವಾಗ ಸ್ಟೀವನ್‌ಸನ್ ಮೂಲ ನಕಾಶೆಯನ್ನು ಪ್ರಕಾಶಕರಿಗೆ ಕಳಿಸಿದ. ಅದು ಅವರಿಗೆ ಸೇರಲೇ ಇಲ್ಲ, ಎಲ್ಲೋ ಕಳೆದುಹೋಯಿತು. ಮೊದಲು ನಕಾಶೆ ಬರೆದು ಅದಕ್ಕೆ ಕಥೆ ಹೊಂದಿಸಿದವನು ಈಗ ಕಥೆಯನ್ನು ಮುಂದಿಟ್ಟುಕೊಂಡು, ದಿಕ್ಕು ದೂರಗಳನ್ನೆಲ್ಲ ಅಳೆದು, ಹೊಸ ನಕಾಶೆ ಬರೆಯಬೇಕಾಯಿತು. ಅದನ್ನು ಮಾಡಿದ್ದು ಅವನ ಅಪ್ಪನ ಕಚೇರಿಯಲ್ಲಿ. ಮಗ ಇಂಜಿನಿಯರಾಗಲಿಲ್ಲವೆಂದು ಕೊರಗಿದ್ದ ಆ ಅಪ್ಪನೇ ಕೂತು, ಕಡಲ್ಗಳ್ಳ ಫ್ಲಿಂಟನ ಸಹಿಯನ್ನು ಶ್ರದ್ಧೆಯಿಂದ ಖೋಟಾ ಮಾಡಿಕೊಟ್ಟ. ಆದರೂ ಆ ಎರಡನೆಯದು ತನಗೆ ಎಂದೂ ನಿಜವಾದ ದ್ವೀಪವಾಗಲಿಲ್ಲ ಎಂದು ಸ್ಟೀವನ್‌ಸನ್ ಬರೆದ. ಇವತ್ತು ಜನ ಕ್ಯೂಬಾದೊಡನೆ, ಅನ್‌ಸ್ಟ್‌ನೊಡನೆ ಹೋಲಿಸಿ ನೋಡುವುದು ಈ ಎರಡನೆಯ ನಕಾಶೆಯನ್ನು. ಬ್ರೇಮರಿನ ಮಳೆಯಲ್ಲಿ ಹುಟ್ಟಿದ್ದು ಈ ಲೋಕದಲ್ಲಿ ಎಲ್ಲೂ ಇಲ್ಲ.

ಈಗ ಆ ಹುಡುಗನಿಗೆ ನಲವತ್ತೇಳು. ಅವನ ಮಗಳಿಗೆ ಹದಿನಾಲ್ಕು. ಅವಳಿಗೆ ಹಿಡಿದಿರುವುದು ಇನ್ನೊಂದು ಕಡಲ್ಗಳ್ಳರ ಲೋಕ. ಜಪಾನಿನ ಎಯ್‌ಚಿರೊ ಓಡ 1997ರಲ್ಲಿ ಶುರುಮಾಡಿದ 'ವನ್ ಪೀಸ್' ಎಂಬ ಚಿತ್ರಕಥೆ. ರಜೆಗೆ ಬಂದರೆ ಅಜ್ಜಿಗೆ ಅದರ ಭೂಗೋಳದ ಪಾಠ. ಅಲ್ಲಿ ಭೂಮಿಗೆ ನಡುಕಟ್ಟಿನ ಹಾಗೆ ಕೆಂಪು ಕಲ್ಲಿನ ಒಂದು ಗೋಡೆ ಸುತ್ತಿಕೊಂಡಿದೆ. ಅದನ್ನು ಅಡ್ಡ ಕತ್ತರಿಸಿ ಹೋಗುವ ಮಹಾ ಕಡಲದಾರಿ, ಎರಡೂ ಸೇರಿ ಉಳಿದ ಕಡಲನ್ನು ನಾಲ್ಕು ಪಾಲು ಮಾಡಿವೆ. ಕೊನೆಯ ದ್ವೀಪ ಯಾವ ನಕಾಶೆಯಲ್ಲೂ ಇಲ್ಲ. ನಾಲ್ಕು ಕೆಂಪು ಶಿಲಾಶಾಸನಗಳನ್ನು ಓದಿ, ಅವು ಹೇಳುವ ನಾಲ್ಕು ಜಾಗಗಳನ್ನು ಗೆರೆಯಿಂದ ಸೇರಿಸಿದರೆ ಮಾತ್ರ ಅದು ಸಿಗುತ್ತದೆ. ಓದುಗರು ಸುಮ್ಮನಿರುತ್ತಾರೆಯೆ? ಆ ದ್ವೀಪಗಳೆಲ್ಲ ಮುಳುಗಿದ ನಾಡಿನ ಬೆಟ್ಟದ ತುದಿಗಳೆಂದು ಎಷ್ಟೋ ಜನ ಮೊದಲೇ ಊಹಿಸಿದ್ದರು. ವರ್ಷ ವರ್ಷವೂ ಕುಸಿಯುವ, ಹಳೆಯ ಊರಿನ ಮೇಲೆ ಹೊಸ ಊರು ಕಟ್ಟಿಕೊಳ್ಳುವ ಒಂದು ಪಟ್ಟಣ ಕಥೆಯಲ್ಲಿತ್ತು, ಅವರಿಗೆ ಅದೇ ಸುಳಿವು. 2024ರಲ್ಲಿ ಕಥೆಯೇ ಬಾಯಿಬಿಟ್ಟಿತು: ಹಿಂದೊಮ್ಮೆ ಸಮುದ್ರ 200 ಮೀಟರ್ ಏರಿತ್ತು. ಆ ದಿನ ನನ್ನ ಮೊಮ್ಮಗಳು ಫೋನಿನಲ್ಲಿ ಕುಣಿದದ್ದು ನನಗಿಲ್ಲಿ ಕೇಳಿಸಿತು.

ಅವಳಿಗೆ ಇಷ್ಟವಾದ ಊಹೆ ಇನ್ನೊಂದು. ಆ ಕಥೆಯ ಅಡುಗೆಯವನು, ನಾಲ್ಕು ಕಡಲಿನ ಮೀನುಗಳೂ ಒಟ್ಟಿಗೆ ಸಿಗುವ ಒಂದು ಕಡಲನ್ನು ಹುಡುಕುತ್ತಿದ್ದಾನೆ. ಎಲ್ಲರೂ ಅವನನ್ನು ನೋಡಿ ನಗುತ್ತಾರೆ. ಕೆಂಪು ಗೋಡೆ ಒಡೆದ ದಿನ ನಾಲ್ಕೂ ಕಡಲು ಕೂಡಿಕೊಂಡು ಅವನ ಕಡಲು ತಾನೇ ಆಗುತ್ತದೆ ಎಂದು ಇವಳ ಬಳಗದ ವಾದ. ಆ ಅಡುಗೆಯವನ ಗುರು ಒಂಟಿ ಕಾಲಿನ ಹಳೆಯ ಕಡಲ್ಗಳ್ಳ ಎಂದಳು. ಆಗ ನಾನು ಹೇಳಿದೆ, ಸ್ಟೀವನ್‌ಸನ್ನನ ಲಾಂಗ್ ಜಾನ್ ಸಿಲ್ವರ್ ಕೂಡ ಒಂಟಿ ಕಾಲಿನ ಅಡುಗೆಯವನೇ, ಆ ಪುಸ್ತಕಕ್ಕೆ ಅವನು ಮೊದಲು ಇಟ್ಟಿದ್ದ ಹೆಸರೇ 'ಹಡಗಿನ ಅಡುಗೆಯವ' ಎಂಬರ್ಥದ್ದು ಎಂದು. ಅವಳು ಬಾಯಿ ತೆರೆದು ಕೂತಳು. "ಅಜ್ಜಿ, ನಿಮಗೂ ಇದೆಲ್ಲ ಗೊತ್ತಾ!" ಎಂದಳು. ನಿಮ್ಮಪ್ಪನಿಗೆ ಕಲಿಸಿದವಳು ಯಾರು ಎಂದುಕೊಂಡಿದ್ದೀ ಎಂದೆ. ನಿಜವಾಗಿ ಕಲಿತದ್ದು ನಾನೇ, ಆದರೆ ಮೊಮ್ಮಗಳ ಮುಂದೆ ಅಷ್ಟು ಜಂಬ ನಡೆಯುತ್ತದೆ.

ಹಸಿರು ಟ್ರಂಕು ಈಗ ಅವರ ಮನೆಯಲ್ಲಿದೆ. ಸ್ವಂತ ಮನೆ ಮಾಡಿದಾಗ ಅವನೇ ಬಂದು ಅಟ್ಟದಿಂದ ಇಳಿಸಿಕೊಂಡು ಹೋದ. ನಾನು ಹಳೆಯ ಸೀರೆಯೊಂದನ್ನು ಸುತ್ತಿ ಹಗ್ಗ ಕಟ್ಟಿಕೊಟ್ಟೆ, ದಾರಿಯಲ್ಲಿ ಬಣ್ಣ ಕೆರೆಯಬಾರದಲ್ಲ. ಅದರೊಳಗೆ ಏನಿದೆ ಎಂಬ ಬಗ್ಗೆ ಮೊಮ್ಮಗಳ ಬಳಿ ಮೂರು ಊಹೆಗಳಿವೆ. ಮೊನ್ನೆ ನನ್ನನ್ನು ಕೇಳಿದಳು, "ಅಜ್ಜಿ, ನೀವು ಏನು ಅಂದ್ಕೋತೀರಿ?"

ಅದು ನಿಮ್ಮಪ್ಪನ ದ್ವೀಪ, ಅವನನ್ನೇ ಕೇಳು ಎಂದೆ. ಕೇಳುತ್ತಾಳೋ ಇಲ್ಲವೋ. ಕೇಳದೆ ಊಹಿಸುತ್ತ ಕೂರುವುದೇ ಅವಳಿಗೆ ಹೆಚ್ಚು ಖುಷಿಯಿರುವ ಹಾಗೆ ಕಾಣುತ್ತದೆ.

ಸ್ಟೀವನ್‌ಸನ್ನನಿಗೆ ಕೊನೆಗೆ ನಿಜವಾದ ದ್ವೀಪವೇ ಸಿಕ್ಕಿತು. ಪೆಸಿಫಿಕ್ ಸಾಗರದ ಸಮೋವಾದಲ್ಲಿ ಮನೆ ಕಟ್ಟಿದ. ಜೊತೆಗೆ ಫ್ಯಾನಿ, ಲಾಯ್ಡ್, ಅವನ ತಾಯಿ. ಮಳೆಯಲ್ಲಿ ನಕಾಶೆ ಬರೆದ ಹುಡುಗ ಬೆಳೆದು ಅವನೊಡನೆ ಸೇರಿ ಮೂರು ಪುಸ್ತಕ ಬರೆದ. 1894ರ ಡಿಸೆಂಬರಿನಲ್ಲಿ, ನಲವತ್ತನಾಲ್ಕು ತುಂಬಿದ ಸ್ವಲ್ಪ ದಿನಕ್ಕೆ, ಅಲ್ಲೇ ತೀರಿಕೊಂಡ. ಅಲ್ಲಿನ ಜನ ಗುಡ್ಡಕ್ಕೆ ದಾರಿ ಕಡಿದು, ಮೇಲಕ್ಕೆ ಹೊತ್ತು ಮಣ್ಣು ಮಾಡಿದರು. ಆ ಗುಡ್ಡ ಭೂಪಟದಲ್ಲಿದೆ, ಯಾರು ಬೇಕಾದರೂ ಹುಡುಕಿಕೊಂಡು ಹೋಗಬಹುದು. ಇನ್ನೊಂದು ದ್ವೀಪದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ ಎಂದು ಬರೆದ ಮುಂದಿನ ಜಾಗ ಖಾಲಿಯಾಗಿಯೇ ಇದೆ. ನನ್ನ ಕಪಾಟಿನ ಮೇಲಿನ ಕ್ಯಾಲೆಂಡರ್ ಹಾಳೆಗಳಲ್ಲೂ.